ಇನ್ನೂರ ಹನ್ನೆರಡು ಬೆಣೆ

ಗ್ರಿಮ್ಸ್‌ಬಿಯಲ್ಲಿ ಹೊಗೆ ಕಂಡರೆ ಯಾರೂ ಓಡುವುದಿಲ್ಲ.
ಹಡಗುಕಟ್ಟೆಯ ಹಿಂದೆ ಕರಿಗೋಡೆಯ ಮನೆಗಳು,
ಒಳಗೆ ಸಾಲಾಗಿ ತೂಗುವ ಹ್ಯಾಡಕ್ ಮೀನು,
ಕೆಳಗೆ ಮರದ ಹೊಟ್ಟು:
ಇರುಳಿಡೀ ಹೊಗೆಯಾಡಬೇಕು, ಉರಿಯಬಾರದು.
ಆ ಬೇಕು, ಬಾರದುಗಳ ನಡುವೆ ನಿಂತು
ಸಂಬಳ ತೆಗೆದುಕೊಂಡವನು
ಟ್ರೆವರ್ ಮಂಬಿ, ಅಗ್ನಿ ಸುರಕ್ಷತಾ ಅಧಿಕಾರಿ.

ಅವನ ಕಡತ ನನ್ನ ಮೇಜಿನ ಮೇಲಿದೆ.
ಪಿಂಚಣಿ ವಿಭಾಗ, ಎರಡನೇ ಮಹಡಿ, ಕಿಟಕಿಗೆ ಬೆನ್ನು.
ಪೂರ್ತಿ ಪಿಂಚಣಿಗೆ ಮೂವತ್ತು ವರ್ಷ ಬೇಕು.
ಕಂಪ್ಯೂಟರು ಕೊಡುವುದು ಇಪ್ಪತ್ತೈದು ವರ್ಷ, ಏಳು ತಿಂಗಳು.
ಎಂಬತ್ತಮೂರರ ಡಿಸೆಂಬರಿನಿಂದ
ಎಂಬತ್ತೆಂಟರ ಜುಲೈವರೆಗೆ
ಆತ ಭೂಮಿಯ ಮೇಲೆ ಇದ್ದದ್ದಕ್ಕೆ ಗುರುತಿಲ್ಲ.
ಹಾಜರಿ ಪುಸ್ತಕ ಸುಟ್ಟಿಲ್ಲ;
ನೆಲಮಾಳಿಗೆಗೆ ಉಬ್ಬರದ ನೀರು ನುಗ್ಗಿ
ಐದು ಸಂಪುಟ ಒಂದೇ ಮುದ್ದೆಯಾಗಿವೆ.
ಬೆಂಕಿಯವರ ಲೆಕ್ಕ ನೀರಲ್ಲಿ ಹೋಯಿತೆಂದು
ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ.

ಟೋಪಿ ತೊಡೆಯ ಮೇಲಿಟ್ಟು ಕೂತ.
"ಎಷ್ಟು ಬೆಂಕಿ ಆರಿಸಿದ್ದೀರಿ?"
ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು.
ತುಸು ಹೊತ್ತು ಯೋಚಿಸಿ ಹೇಳಿದ,
"ಒಂದು. ನಮ್ಮ ಅಡುಗೆಮನೆಯದು.
ಮಾರ್ಲೀನ್‌ಗೆ ಹೇಳಬೇಡಿ."

ನನ್ನ ಭಾಷೆಯಲ್ಲೊಬ್ಬನಿದ್ದಾನೆ, ಮಂಬಿ,
ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವನು.
ಅವನನ್ನು ಎಲ್ಲರೂ ಬಲ್ಲರು.
ಮೊದಲೇ ತೋಡಿಟ್ಟವನ ಮೇಲೆ
ಗಾದೆ ಕಟ್ಟಲು ಯಾರಿಗೂ ಪುರುಸೊತ್ತಾಗಲಿಲ್ಲ.
ಇದನ್ನೇನೂ ಹೇಳಲಿಲ್ಲ.
ಹೇಳಿದ್ದು ಇಷ್ಟೇ: "ಪುರಾವೆ ತನ್ನಿ. ಫಾರಂ ಹದಿನೇಳು."

ಗುರುವಾರ ಬಂದ, ಮೀನಿನ ಪೆಟ್ಟಿಗೆ ಹೊತ್ತು.
ಮೀನಿಲ್ಲ. ಬೆಣೆಗಳು.
ಮರದವು, ರಬ್ಬರಿನವು, ಮಡಚಿದ ಸಿಗರೇಟು ಪೊಟ್ಟಣದವು.
ತಾನೇ ಮುಚ್ಚಿಕೊಳ್ಳಬೇಕಾದ ಬೆಂಕಿತಡೆ ಬಾಗಿಲು
ಚಹದ ಟ್ರೇಗೆ ಅಡ್ಡ ಬರುತ್ತದೆಂದು
ಜನ ಅಡಿಯಲ್ಲಿ ತುರುಕಿಡುವಂಥವು.
ಊರೆಲ್ಲ ಅಲೆದು, ಬಗ್ಗಿ, ಕಿತ್ತು ತಂದು
ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದಿದ್ದ:
ಎಂಡರ್ಬಿ ಹೊಗೆಮನೆ, ಹಿಂಬಾಗಿಲು, ೯-೨-೮೫.
ನೃತ್ಯಶಾಲೆ, ಮೇಲಿನ ಮೆಟ್ಟಿಲು.
ವೃದ್ಧಾಶ್ರಮ, ಕೋಣೆ ನಾಲ್ಕು.
ವೃದ್ಧಾಶ್ರಮ, ಕೋಣೆ ನಾಲ್ಕು, ಮರುವಾರ.
ಮತ್ತೆ ಕೋಣೆ ನಾಲ್ಕು.
"ಹಠಮಾರಿ ಮುದುಕಿ," ಎಂದ.
"ತೊಂಬತ್ತಾರಕ್ಕೆ ಸತ್ತಳು. ನಿದ್ದೆಯಲ್ಲಿ."

ಪ್ರತಿ ಜನವರಿ ಮಾರ್ಲೀನ್ ಕೇಳುತ್ತಿದ್ದಳಂತೆ,
ಎಷ್ಟು ಚೆನ್ನಾಗಿ ಒಣಗಿದೆ ಈ ಕಸ,
ಒಲೆಗೆ ಹಾಕಲೇ?

ನಿಯಮಾವಳಿ ಬಿಡಿಸಿದೆ:
"ಆ ಕಾಲದಲ್ಲೇ ಬರೆದಿಟ್ಟ ದಾಖಲೆ" ಎಂದಿದೆ.
ಕಾಗದದ ಮೇಲೆ ಎಂದಿಲ್ಲ.

ಎರಡು ಸಂಜೆ ಕೂತು ಇಸವಿವಾರು ಜೋಡಿಸಿದೆ.
ಕಳೆದುಹೋದ ವರ್ಷಗಳವೇ ಇನ್ನೂರ ಹನ್ನೆರಡು;
ಖಾಲಿ ಉಳಿದದ್ದು ಎಂಬತ್ತಾರರ ಆಗಸ್ಟ್ ಒಂದೇ.
ಫೋನ್ ಮಾಡಿದೆ. ಆ ತುದಿ ಬಹಳ ಹೊತ್ತು ಸುಮ್ಮನಿತ್ತು.
"ಅವಳು ಮನೆ ಬಿಟ್ಟು ಹೋಗಿದ್ದ ತಿಂಗಳು.
ಕರೆತರಲು ಹಲ್‌ಗೆ ಹೋಗಿದ್ದೆ.
ಸಂಬಳವಿಲ್ಲದ ರಜೆ. ಸೇರಿಸಬೇಡಿ."

ಸೇರಿಸಲಿಲ್ಲ. ಆದರೂ ಮೂವತ್ತು ವರ್ಷ, ಒಂದು ತಿಂಗಳು.
ಷರಾ ಬರೆದೆ: ದಾಖಲೆ ೨೧೨, ಬಹುಪಾಲು ಪೈನ್ ಮರ.
ಮೇಲಿನವರು ಒಪ್ಪುವರೋ ಇಲ್ಲವೋ,
ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ.

ಸಹಿ ಹಾಕಿ ಹೊರಟವನು
ನಮ್ಮದೇ ಬಾಗಿಲ ಬಳಿ ನಿಂತ.
ಮಂಡಿ ಲಟಲಟ ಎನ್ನಲು ಬಗ್ಗಿ
ಅಡಿಯಲ್ಲಿದ್ದುದನ್ನು ಎಳೆದ,
ಕಿವಿಯ ಹಿಂದಿನ ಪೆನ್ಸಿಲ್ ತೆಗೆದು
ತಾರೀಖು ಗೀಚಿ ಜೇಬಿಗಿಳಿಸಿದ.
ಬಾಗಿಲು ತನ್ನ ಪಾಡಿಗೆ ಮುಚ್ಚಿಕೊಂಡಿತು.

ಅದನ್ನು ಪಟ್ಟಿಗೆ ಹಾಕುವಂತಿಲ್ಲ.
ಆ ತಾರೀಖಿಗೆ ಆತ ನಿವೃತ್ತ.