ಎಷ್ಟು ಕಂತು?

ದಿನಕ್ಕೆ ನಾನೂರು ಸಲ ಕೇಳುತ್ತೇನೆ,
ತಲೆಯೆತ್ತದೆ, ಯಂತ್ರವನ್ನು ಮುಂದೆ ಚಾಚಿ:
ಎಷ್ಟು ಕಂತು?
ನಮಸ್ಕಾರಕ್ಕಿಂತ ಮೊದಲು ಬಾಯಿಗೆ ಬರುತ್ತದೆ.
ಕಳೆದ ಈಸ್ಟರಿನಲ್ಲಿ ಪಾದ್ರಿ ನಾಲಿಗೆಯ ಮೇಲೆ ಪ್ರಸಾದವಿಟ್ಟಾಗ
ತುಟಿಯವರೆಗೆ ಬಂದಿತ್ತು,
ಪ್ರಸಾದದ ಜೊತೆಗೇ ನುಂಗಿಕೊಂಡೆ.

ಅಂತೋಫಗಾಸ್ತದ ಈ ಸೂಪರ್‌ಮಾರ್ಕೆಟ್ಟಿನಲ್ಲಿ ಏಳನೇ ಗಲ್ಲಾ ನನ್ನದು.
ಬೆನ್ನಿಗೆ, ಮಳೆಯ ಮುಖ ಕಾಣದ ಬೋಳು ಬೆಟ್ಟ.
ಎದುರಿಗೆ ಗಾಜು, ಗಾಜಿನಾಚೆ ಕಾರು, ಕಾರಿನಾಚೆ ಕಡಲು.
ನಡುವೆ ನಾನು, ಎದೆಯ ಮೇಲೆ ಬಿಲ್ಲೆ: ಯಾಸ್ನಾ.

ಅಜ್ಜಿ ಹೆರ್ಮಿನಿಯಾ ಬರುತ್ತಾಳೆ ಮಂಗಳವಾರ.
ನಾಲ್ಕು ಬನ್ನು, ಚಹಾ, ಜುರೆಲ್ ಮೀನಿನ ಒಂದು ಡಬ್ಬಿ.
ಮೂರು ಕಂತು ಮಗಳೇ, ಅನ್ನುತ್ತಾಳೆ,
ಮೂರು ಹೊತ್ತಿನ ಮಾತ್ರೆ ಅನ್ನುವ ಹಾಗೆ.
ಬನ್ನು ನಾಡಿದ್ದಿಗೆ ಬೂಸ್ಟು.
ಕಂತು ಮಾತ್ರ ಮೂರು ತಿಂಗಳು ಬಿಸಿಬಿಸಿ.

ಗಣಿಯ ಲಾರಿ ಓಡಿಸುವ ರೊಗೆಲಿಯೋ
ಗೋಡೆಯಗಲದ ಟಿವಿ ಹೊತ್ತೊಯ್ದ, ಪಂದ್ಯಾವಳಿಗೆಂದು.
ತಂಡ ಎರಡೇ ವಾರಕ್ಕೆ ಸೋತು ಮನೆಗೆ ಬಂತು,
ಟಿವಿಯದು ಇನ್ನೂ ಮೂವತ್ತನಾಲ್ಕು ತಿಂಗಳ ಆಟ.

ನಗಬೇಡಿ, ನನ್ನದೂ ಕೇಳಿ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಅನ್ನುತ್ತಿದ್ದಳು ಅಮ್ಮ.
ಅಮ್ಮಾ, ಹಾಸಿಗೆಯೇ ಇಪ್ಪತ್ತನಾಲ್ಕು ಕಂತಿನದು,
ಕಟ್ಟಿದ್ದು ಏಳು.
ನೆತ್ತಿಯಿಂದ ಎದೆಯವರೆಗೆ ಮಲಗಿರುವುದು ನನ್ನ ಹಾಸಿಗೆಯಲ್ಲಿ,
ಅಲ್ಲಿಂದ ಕೆಳಗೆ ಅಂಗಡಿಯದರಲ್ಲಿ.
ಅದಕ್ಕೇ ಇರಬೇಕು,
ರಾತ್ರಿಯಿಡೀ ಕಾಲಿಗೆ ಮಾತ್ರ ನಿದ್ದೆಯಿಲ್ಲ.

ಮಾರ್ಚಿಯಲ್ಲಿ ಮಗಳಿಗೆ ಶಾಲೆಯ ಬೂಟು, ಹನ್ನೆರಡು ಕಂತು.
ಸೆಪ್ಟೆಂಬರಿಗೇ ಹೆಬ್ಬೆರಳು ಚರ್ಮ ಒತ್ತುತ್ತಿದೆ.
ಅವಳ ಕಾಲು
ನಗದಿನಲ್ಲಿ ಬೆಳೆಯುತ್ತದೆ.

ಸಂಜೆ ಫೋನು.
ಶ್ರೀಮತಿ ಯಾಸ್ನಾ ಅವರೇ? ಬಲು ಸಭ್ಯ ಹುಡುಗ.
ಅಲ್ಲ, ನಾನು ಅವಳ ತಂಗಿ.
ಹಾಗಾದರೆ ದಯವಿಟ್ಟು ಅವರಿಗೆ ತಿಳಿಸಿ.
ತಿಳಿಸುತ್ತೇನೆ.
(ಎಷ್ಟು ಸಲ ತಿಳಿಸಿದ್ದೇನೆ ಅವಳಿಗೆ!)
ಮೊನ್ನೆ ಮಾತಿನ ನಡುವೆ ಕೆಮ್ಮಿದ, ಒಣ ಕೆಮ್ಮು, ನಿಲ್ಲಲೊಲ್ಲದು.
ಔಷಧಿ ತಗೊಂಡೆಯೇನಪ್ಪಾ, ಅಂದೆ.
ಸುಮ್ಮನಾದ.
ಆಮೇಲೆ, ಮೇಲಿನವರಿಗೆ ಕೇಳಿಸದ ಹಾಗೆ:
ಆರು ಕಂತಿನಲ್ಲಿ.

ಒಂದು ಮಾತು ಹೇಳದೆ ಮುಗಿಯುವುದಿಲ್ಲ ಇದು.
ಹೆರ್ಮಿನಿಯಾಳಿಗೆ ಕಾರ್ಡು ಮಾಡಿಸಿಕೊಟ್ಟವಳು ನಾನೇ.
ಅವಳ ಕೈಯಲ್ಲಿ ಕರವಸ್ತ್ರದ ಗಂಟಿತ್ತು, ಗಂಟಿನಲ್ಲಿ ನಾಣ್ಯ,
ಒಂದೊಂದಾಗಿ ಬಿಡಿಸಿ ಇಡುತ್ತಿದ್ದಳು,
ಹಿಂದಿನ ಸಾಲು ಗೊಣಗುತ್ತಿತ್ತು.
ವಾರಕ್ಕೆ ಹತ್ತು ಕಾರ್ಡು ನನ್ನ ಗುರಿ,
ಆ ವಾರ ಒಂಬತ್ತಾಗಿತ್ತು.
ಅಜ್ಜೀ, ಇಲ್ಲೊಂದು ಸಹಿ, ಅಂದೆ,
ಆಮೇಲೆ ಯಾವತ್ತೂ ಎಣಿಸುವ ತಾಪತ್ರಯವೇ ಇಲ್ಲ.
ದೇವರು ಒಳ್ಳೆಯದು ಮಾಡಲಿ ಅಂದಳು.
ಮಾಡಿದ. ನನಗೆ ಬೋನಸ್ಸು ಬಂತು.
ಬೂಟಿನ ಎರಡು ಕಂತಿಗೆ ಸರಿಹೋಯಿತು.

ಈಗ ಗಾಜು ಕೆಂಪಾಗುವ ಹೊತ್ತು.
ಮೀನುಪೇಟೆಯ ಕಟ್ಟೆಯಲ್ಲಿ ಕಡಲಸಿಂಹಗಳು
ಯಾರಿಗೋ ಬಾಕಿ ಕೇಳುವವರಂತೆ ಅರಚುತ್ತವೆ.
ಸಾಲಿನವರೆಲ್ಲ ಮೊಬೈಲಿನಲ್ಲಿ ಮುಖವಿಟ್ಟಿದ್ದಾರೆ,
ಬೆಳಕು ಅವರ ತಳ್ಳುಗಾಡಿಗಳ ಮೇಲೆ,
ಇನ್ನೂ ಯಾರದೂ ಅಲ್ಲದ ಹಾಲಿನ ಮೇಲೆ, ಅಕ್ಕಿಯ ಮೇಲೆ,
ಸುಮ್ಮನೆ ಬಿದ್ದಿದೆ, ಪುಕ್ಕಟೆ.

ಮತ್ತೆ ಅಲ್ಲಿ, ಕಾರುಗಳಾಚೆ,
ಹೊತ್ತು ಕಂತುತ್ತದೆ.
ಕಾಲು ಭಾಗ ಇಂದು, ಉಳಿದದ್ದು ಬರುವ ತಿಂಗಳು ಎಂದಲ್ಲ,
ಇಡಿಯಾಗಿ, ಒಮ್ಮೆಗೇ,
ಯಾರ ಸಹಿಯನ್ನೂ ಕೇಳದೆ.

ಯಾರೋ ಪಟ್ಟಿಯ ಮೇಲೆ ಟೊಮೇಟೊ ಇಟ್ಟರು.
ಇವತ್ತು ತಲೆಯೆತ್ತಿ ನೋಡಿದೆ.
ಎಷ್ಟು,
ಅಂದೆ.