ಆದೇಶ ಸಂಧಿ

ಹಾಸನದ ಎಪಿಎಂಸಿ ಯಾರ್ಡು, ಆಗಸ್ಟಿನ ಒಂದು ಸೋಮವಾರ.
ಹಸಿ ಆಲೂಗಡ್ಡೆಯ ಮಣ್ಣು
ಕೀಬೋರ್ಡಿನ ಸಂದಿಗೂ ಹೊಕ್ಕಿದೆ.
ನಾನು ಬರೆದ ಬಿಲ್ಲಿನ ಪ್ರೋಗ್ರಾಮಿಗೆ
ಮೊದಲ ದಿನ.

ಇನಾಯತ್ ಸಾಬರ ಮಂಡಿಗೆ ಬಂದದ್ದು
ಲಾರಿಯಲ್ಲಿ ನಲವತ್ತೆಂಟು ಮೂಟೆ,
ಹಿಂದೆಯೇ ಆಟೋದಲ್ಲಿ ಎರಡು.
ಒಟ್ಟು ಎಂಬ ಮನೆಯಲ್ಲಿ ಬಂದು ಕೂತಿತ್ತು
ನಾನೂರ ಎಂಬತ್ತೆರಡು.

"ಬೆಳೆದವನಿಗೂ ಗೊತ್ತಿಲ್ಲದ ಬೆಳೆ" ಅಂದರು ಸಾಬರು, ನಗದೆ.
ಸಾಲಿನಲ್ಲಿ ನಿಂತವರು ನಕ್ಕರು.

ಸ್ಕ್ರೀನಿಗೆ ಮುಖ ಹಚ್ಚಿ ಹುಡುಕಿದೆ.
ನಾನು ಟೈಪಿಸಿದ ನಲವತ್ತೆಂಟು ಸಂಖ್ಯೆಯೇ ಅಲ್ಲ, ಬರಹ:
ನಾಲ್ಕರ ಚಿತ್ರ, ಪಕ್ಕದಲ್ಲಿ ಎಂಟರ ಚಿತ್ರ.
ಗೇಟಿನ ಎಣಿಕೆಯಿಂದ ಬಂದ ಎರಡು ಮಾತ್ರ
ನಿಜವಾದ ಎರಡು.
ಕೂಡುವ ಗುರುತು ಕಂಡದ್ದೇ
ಎಂಟರ ಹೆಗಲಿಗೆ ಹೆಗಲು ತಾಗಿಸಿ
ತಾನೂ ಅಕ್ಷರವಾಗಿಬಿಟ್ಟಿತ್ತು.
ತಕರಾರಿಲ್ಲ, ಒಂದು ಕೆಂಪು ಗೆರೆಯೂ ಇಲ್ಲ.

ಅರಕಲಗೂಡಿನ ಶಾಲೆ, ಎಂಟನೇ ಕ್ಲಾಸು,
ಪುಟ್ಟಗೌರಮ್ಮ ಮಿಸ್ಸು:
ಮಳೆ, ಕಾಲ. ಕೂಡಿಸಿ.
ಮಳೆಗಾಲ, ಎಂದು ಕಿರುಚಿದೆವು.
"ಹಾಗಾದರೆ ಕ ಎಲ್ಲಿ ಹೋಯ್ತು?"
ಬೆಂಚಿನ ಕೆಳಗೆ ಬಿದ್ದಿದೆಯೇನೋ ಎಂಬಂತೆ
ಎಲ್ಲರೂ ತಲೆ ತಗ್ಗಿಸಿದೆವು.
ಹೆಸರೇನೋ ಆದೇಶ.
ಕೊಟ್ಟವರು ಯಾರು?
ನಾಲಗೆ ತನ್ನಷ್ಟಕ್ಕೆ ಮೆತ್ತಗಾಯಿತು, ಅಷ್ಟೆ.

ಹಮಾಲಿ ಸಣ್ಣೀರಯ್ಯ ಕೂಲಿ ಚೀಟಿ ಹಿಡಿದು ಬಂದ.
ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟಿದ್ದ.
ಖಾಲಿಯೂ ಬರಹದ ಜೊತೆ ಕೂಡಿ ಬರಹವಾಗಿ
ಅವನ ಹೆಸರಿನ ಬೆನ್ನಿಗೇ ಅಚ್ಚಾಗಿತ್ತು: ನಲ್.
"ಇದ್ಯಾವ ಬಿರುದು ಕಣಕ್ಕ?"
ಏನೂ ಇಲ್ಲ ಅಂತ ಅರ್ಥ, ಅನ್ನಲು ಬಾಯಿ ಬರಲಿಲ್ಲ.
ಹಳೆಗನ್ನಡದಲ್ಲಿ ಒಳ್ಳೆಯದು ಅಂತ, ಎಂದೆ.
ಅದೂ ಸುಳ್ಳಲ್ಲ.
ಅವನು ಚೀಟಿಯನ್ನು ನಾಲ್ಕಾಗಿ ಮಡಿಸಿ
ಒಳಜೇಬಿಗೆ ಇಳಿಸಿದ.

"ಮೂಟೆ ಐವತ್ತೇ" ಎಂದು ಗೋಡೆ ತೋರಿಸಿದ.
ಇದ್ದಿಲ ಗೀಟುಗಳು: ನಾಲ್ಕು ನೆಟ್ಟಗೆ, ಐದನೆಯದು ಅಡ್ಡ,
ಮತ್ತೆ ನಾಲ್ಕು, ಮತ್ತೆ ಅಡ್ಡ.
ಲಾರಿಯ ಗೀಟುಗಳ ಪಕ್ಕದಲ್ಲೇ
ಆಟೋದ ಎರಡು ಗೀಟು.
ಜೋಡಿಸಿದರೂ ಕೂಡಿಸಿದರೂ
ಆ ಗೋಡೆಯಲ್ಲಿ ಒಂದೇ.
ಬರಹವೂ ಅದೇ, ಎಣಿಕೆಯೂ ಅದೇ,
ಯಾವುದೂ ಇನ್ನೊಂದಾಗಬೇಕಿಲ್ಲ.

ಲೆಕ್ಕದ ಸಾಲಿಗೆ ಒಂದು ಪದ ಸೇರಿಸಿದೆ,
ನೀನು ಸಂಖ್ಯೆ, ಮರೆಯಬೇಡ, ಎಂದು.
ಐವತ್ತು ಬಂತು. ಸಾಬರು ಸಹಿ ಹಾಕಿದರು.
ಹೆಸರಿನ ಸಾಲನ್ನೂ ತೆರೆದೆ,
ಕರ್ಸರು ಮಿನುಗುತ್ತ ಕಾಯಿತು.
ನಾಳೆ ನೋಡೋಣ ಎಂದು ಮುಚ್ಚಿದೆ.