ಕೆಮ್ಮು

ಗುದ್ದಲಿ ಇಲ್ಲೇ ಇಡು, ಯಮನೂರಿ. ಮೊದಲ ದಿನ ಕೈ ಖಾಲಿ ಇರಲಿ.
ಬಲಿ, ಹೊಗಿಗಡಗಿ ಕಂಡ್ರ ನಾಯಿ ಬೊಗಳತಾವ,
ನಾಯಿ ಬೊಗಳಿದ್ರ ಮನಿಯವರು
ಬ್ಯಾರೆ ಮಾರಿ ಹಾಕ್ಕೊಂಡು ಹೊರಗ ಬರತಾರ.

ಬೋಟು ಬಿಡಾಕ ಇನ್ನೂ ಹೊತ್ತೈತಿ. ಕೇಳು.

ಇಪ್ಪತ್ತೊಂದು ವರ್ಷದ ಹಿಂದ ಈ ದಿವಾಡಿ ನಡುಗಡ್ಡಿಗೆ
ಕೆಂಪು ಕಲ್ಲು ಕಡಿಯಾಕ ಬಂದಾಂವ ನಾನು.
ಒಡ್ಡಿನ ಮ್ಯಾಲ ಬುತ್ತಿ ಬಿಚ್ಚಿ ಕುಂತಾಗ
ಬಿಲದ ಬಾಯಾಗ ಹಸಿ ಮಣ್ಣು ಕಂಡೆ.
ಹಸಿ ಮಣ್ಣು ಅಂದ್ರ ಒಳಗ ಮಂದಿ ಅದಾರ ಅಂತ.
ಕೈ ತುರಿಸಿತು. ಕೇಳದ ಅಗದೆ.
ಹೆಗ್ಗಣ ಸಿಕ್ಕಿದ್ದು ಮೂರು, ಬೈಗುಳ ಮುನ್ನೂರು.
ಕೊಂಕಣಿ ಬರದಿದ್ರೂ
ನಮ್ಮವ್ವನ ಸುದ್ದಿ ಬಂತು ಅನ್ನೋದು ತಿಳೀತೈತಿ ನೋಡು.

ಎಸ್ಪೆರಾನ್ಸಾ ಬಾಯಿ.
ಹೂವಿನ ಗೌನು, ತೀರಿಹೋದ ಗಂಡನ ಕೊಡಿ, ಕೈಯಾಗ ಕುಡಗೋಲು.
ಒಡ್ಡು ತೋರಿಸಿ ಕೇಳಿದ್ಲು:
"ಇದರ ಆ ಕಡೆ ಯಾರದಾರ ಗೊತ್ತೇನು?"
ನೋಡಿದೆ. ಯಾರೂ ಇದ್ದಿಲ್ಲ. ಹೊಳಿ ಇತ್ತು.
"ಹೂಂ, ಆಕಿನ. ದಿನಕ್ಕ ಎರಡು ಸಲ ಬಂದು ಬಾಗಿಲ ಬಡೀತಾಳ.
ಇವತ್ತು ನೀ ತಗದು ಕೊಟ್ಟಿ."

ಭರತ ಏರೋದ್ರಾಗ ತುಂಬಿದೆ, ತುಳಿದೆ,
ಹುಲ್ಲು ಸಮೇತ ಹೆಂಟಿ ತಂದು ಮ್ಯಾಲ ಒತ್ತಿದೆ.
ಉಪ್ಪುನೀರು ನಾಕು ಬೆರಳು ಹೊರಗ ನಿಂತು
ನನ್ನ ನೋಡಿ ತಿರುಗಿ ಹೋತು.
ಆವಾಗ ಕೇಳಿದೆ, ಹಂಗಾದ್ರ ನಾಳಿ ಬರಲೇನು ಅಂತ.

ಆಕಿ ಒಂದು ಲೆಕ್ಕ ಹಾಕಿದ್ಲು:
"ನನ್ನ ಭತ್ತ ತಿಂದ ಇಲಿ ನಿನ್ನದು. ಸರಿ.
ಇಲಿ ಕೂಡಿಟ್ಟ ಭತ್ತ ಯಾರದು?"
ನನ್ನ ಹತ್ರ ಉತ್ತರ ಇದ್ದಿಲ್ಲ.
ಮರುವಾರ ಒಂದು ಬಿಲದಾಗ ಕತ್ತರಿಸಿದ ತೆನಿ, ಒಂದೂವರಿ ಸೇರು,
ಗೋದಾಮಿನ್ಯಾಗ ಒಟ್ಟಿದಂಗ ಓರಣ.
ಅಷ್ಟೂ ಒಯ್ದು ಆಕಿ ಕಟ್ಟಿ ಮ್ಯಾಲ ಸುರುವಿದೆ.
ಅರ್ಧ ತಗೊಂಡು ಅರ್ಧ ನನ್ನ ಟವೆಲ್ಲಿಗೆ ಹಾಕಿ ನಕ್ಕಳು:
"ದುಡದಿದ್ದು ಅದು. ಅದಕ್ಕ ಏನೂ ಇಲ್ಲ, ಪಾಪ."

ಆ ಕಡೆ ಗದ್ದಿ ವಾಮನ ಬೋರ್ಕರಂದು.
ಆತ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಹದಿನಾರು ವರ್ಷಾತು.
ಅಲ್ಲಿ ಕಾಲಿಡಬ್ಯಾಡ.
ಆತನ ಇಲಿ ತಾವಾಗೇ ನಮ್ಮ ಕಡೆ ಬಂದ್ರ ಆ ಮಾತು ಬ್ಯಾರೆ.
ಬರತಾವ.

ಕಾಗದಿಲ್ಲ, ಸಹಿ ಇಲ್ಲ.
ಗೇಟಿನ ಹೊರಗ ನಿಂತು ನಾನು ಕೆಮ್ಮತೀನಿ,
ಒಳಗಿಂದ ಆಕಿ ಕೆಮ್ಮತಾಳ. ಅಷ್ಟ.

ಒಂದು ವರ್ಷ ಸುಗ್ಗಿಯಾಗ ಕೆಮ್ಮಿದೆ, ತಿರುಗಿ ಕೆಮ್ಮು ಬರಲಿಲ್ಲ.
ದೀಪ ಇತ್ತು. ಚಹಾ ಕುದಿಯೋ ವಾಸನಿ ಇತ್ತು.
ಮತ್ತ ಎರಡು ಸಲ ಕೆಮ್ಮಿದೆ.
ಗೇಟಿಗೆ ಚಿಲಕಾನೂ ಇದ್ದಿಲ್ಲ, ಯಮನೂರಿ.
ಅದೇ ಬೋಟಿಗೆ ತಿರುಗಿ ಬಂದೆ, ಖಾಲಿ ಗಡಗಿ ಹೊತ್ತು.
ನಿಮ್ಮತ್ತಿ ಆ ರಾತ್ರಿ ಬರೇ ಖಾರ ಅರದ್ಲು.

ಮೂರನೇ ದಿನ ಬೋಟಿನ ಹಗ್ಗ ಎಳಿಯಾಂವನ ಕೈಲೆ ಹೇಳಿ ಕಳಸಿದ್ಲು:
"ಎಲ್ಲಿ ಸತ್ತ ಆ ಘಾಂಟಿ? ಅರ್ಧ ಗದ್ದಿ ನುಂಗ್ಯಾವ!"
"ನೀವು ಕೆಮ್ಮಲಿಲ್ಲ ಬಾಯಿ."
"ಗಂಟಲು ಕಟ್ಟಿತ್ತೋ, ಪಿಶ್ಯಾ!"
ಬೈದು ಬೈದು, ನಡುವ ಸುಮ್ಮನಾದ್ಲು.
ಆವತ್ತಿನಿಂದ ಗಂಟಲು ಸರಿಯಿಲ್ಲಂದ್ರ
ಸ್ಟೀಲಿನ ತಾಟಿಗೆ ಚಮಚ ಬಡೀತಾಳ.

ಈಗ ನನ್ನ ಮೊಣಕಾಲು ಬಿಲದ ಮುಂದ ಬಾಗವಲ್ಲವು.
ಗದ್ದಿ ನಿನಗ ಕೊಡಾಕ ನಂದೇನಲ್ಲ, ಹೂಂ ಅಂದಿದ್ದೂ ನನಗ,
ಅದನ್ನ ಕಟ್ಟಿ ಕೊಡಾಕ ಬರಂಗಿಲ್ಲ.

ಏಳು, ಬೋಟು ಸೀಟಿ ಹಾಕ್ತು.
ಗೇಟಿನ ಹತ್ರ ಮೊದಲ ನಾನು ಕೆಮ್ಮತೀನಿ.
ಆಮ್ಯಾಲ ನೀನು. ಗಟ್ಟಿಯಾಗಿ ಬ್ಯಾಡ, ಕಳ್ಳನಂಗೂ ಬ್ಯಾಡ.
ಒಳಗಿಂದ ಎಷ್ಟು ಬರತಾವ ಎಣಿಸು.
ಒಂದ ಬಂದ್ರ, ಅದು ನಂದು.